ಸೀಮೆಸುಣ್ಣದ ಸ್ಮಾರ್ಟ್ ಬೋರ್ಡ್

ಈ ಶಾಲೆಯ ಏಳನೇ ತರಗತಿಯಲ್ಲಿರುವ ಸ್ಮಾರ್ಟ್ ಬೋರ್ಡ್ ಕಳೆದ ಎಂಟು ತಿಂಗಳಲ್ಲಿ ಒಂದು ಸಲವೂ ಕೆಟ್ಟಿಲ್ಲ. ಕರೆಂಟ್ ಹೋದಾಗಲೂ ಅದು ನಿಂತಿಲ್ಲ. ರಿಪೇರಿಗೆಂದು ಯಾರನ್ನೂ ಕರೆಸಿದ್ದಿಲ್ಲ. ಇದು ಇಲಾಖೆಯ ದಾಖಲೆಯಲ್ಲಿರುವ ವಿಷಯ. ಯಾರು ಬೇಕಾದರೂ ಅರ್ಜಿ ಕೊಟ್ಟು ನೋಡಬಹುದು. ಆ ಬೋರ್ಡನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಾಗಿದೆ ಎಂಬ ಸಂಗತಿ ಮಾತ್ರ ದಾಖಲೆಯಲ್ಲಿಲ್ಲ. ಯಾರೋ ಮುಚ್ಚಿಟ್ಟಿದ್ದಾರೆಂದು ತಿಳಿಯಬಾರದು. ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ, ಅಷ್ಟೆ.

ಬರೆದವರು ಭೂಗೋಳದ ಮೇಷ್ಟ್ರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರಿಗೆ ಎರಡೇ ಎರಡು ವಿದ್ಯೆ ಕೈಹತ್ತಿದ್ದವು. ಒಂದು, ನಕಾಶೆ ಬರೆಯುವುದು. ಬೆಟ್ಟದ ನೆತ್ತಿಯಲ್ಲಿ ಚಾಕ್‌ಪೀಸ್ ಇಟ್ಟರೆಂದರೆ ನದಿ ಸಮುದ್ರ ಸೇರುವವರೆಗೆ ಕೈ ಎತ್ತುತ್ತಿರಲಿಲ್ಲ. ನಲವತ್ತೊಂದು ಮಕ್ಕಳು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಕೊನೆಗೆ ನದಿ ಐದಾರು ಕವಲಾಗಿ ಒಡೆದು ನೀರಿಗೆ ಬಿದ್ದಾಗ ಇಡೀ ತರಗತಿ ಒಟ್ಟಿಗೆ "ಹಾ" ಎಂದು ಉಸಿರು ಬಿಡುತ್ತಿತ್ತು. ಆ "ಹಾ" ಕೇಳುವುದಕ್ಕೇ ಮೇಷ್ಟ್ರು ದಿನಾ ಬೆಳಿಗ್ಗೆ ಎದ್ದು ಶಾಲೆಗೆ ಬರುತ್ತಿದ್ದರೆಂದರೆ ತಪ್ಪಿಲ್ಲ.

ಎರಡನೆಯ ವಿದ್ಯೆ, ಅರ್ಥವಾಗದ ಮಾತಿಗೆ ಅರ್ಥವಾದವರಂತೆ ತಲೆಯಾಡಿಸುವುದು. "ಗೊತ್ತಿಲ್ಲ" ಎಂಬ ಪದ ಅವರ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ ಅವರಿಗೇ ಗೊತ್ತಿರಲಿಲ್ಲ. ಮೇಷ್ಟ್ರಾದವನು ಗೊತ್ತಿಲ್ಲ ಎಂದರೆ ಮರ್ಯಾದೆ ಎಲ್ಲಿ ಉಳಿಯಿತು? ಒಂದು ಸಲ ಹಲ್ಲಿನ ಡಾಕ್ಟರು ಬಾಯೊಳಗೆ ಕನ್ನಡಿ ಇಟ್ಟು ಏನೇನೋ ವಿವರಿಸಿ "ಇದೇ ಹಲ್ಲು ತಾನೇ?" ಎಂದಾಗ, ಅಭ್ಯಾಸಬಲದಿಂದ ತಲೆಯಾಡಿಸಿ ಗಟ್ಟಿಮುಟ್ಟಾದ ದವಡೆ ಹಲ್ಲೊಂದನ್ನು ಕೀಳಿಸಿಕೊಂಡು ಬಂದಿದ್ದರು. ನೋಯುತ್ತಿದ್ದ ಹಲ್ಲು ಈಗಲೂ ಇದೆ. ತನ್ನ ಈ ಬುದ್ಧಿಯ ಬಗ್ಗೆ ಮೇಷ್ಟ್ರಿಗೆ ಯಾವ ಭ್ರಮೆಯೂ ಇರಲಿಲ್ಲ, ಆ ಹಲ್ಲು ನೊಂದಾಗಲೆಲ್ಲ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದರು.

ಸ್ಮಾರ್ಟ್ ಬೋರ್ಡ್ ಬಂದದ್ದು ದೊಡ್ಡ ಮರದ ಪೆಟ್ಟಿಗೆಯಲ್ಲಿ. ಅದನ್ನು ಹೆಡ್ ಮೇಡಂ ತಮ್ಮ ಕೋಣೆಯ ಬೀರುವಿನ ಹಿಂದೆ ಇಡಿಸಿ, ಅಂದೇ ಸಭೆ ಕರೆದು, ಜೊತೆಗೆ ಬಂದ ಸುತ್ತೋಲೆಯನ್ನು ಎದ್ದು ನಿಂತು ಓದಿದರು.

"ಪೆಟ್ಟಿಗೆಯ ಸೀಲನ್ನು ತಂತ್ರಜ್ಞಾನ ಸಮನ್ವಯ ಪ್ರಮಾಣಪತ್ರ ಪಡೆದ ಶಿಕ್ಷಕರು ಮಾತ್ರ ಒಡೆಯತಕ್ಕದ್ದು. ಸದರಿ ಪ್ರಮಾಣಪತ್ರವನ್ನು ಬೋರ್ಡ್ ಬಳಸಿ ನಲವತ್ತು ಪಾಠ ಮಾಡಿದ ಶಿಕ್ಷಕರಿಗೆ ಮಾತ್ರ ನೀಡತಕ್ಕದ್ದು. ನಲವತ್ತು ಪಾಠಗಳ ನಂತರ ನೂರಕ್ಕೆ ಅರವತ್ತು ಅಂಕ ಬಾರದವರನ್ನು ತರಗತಿಯಿಂದ ಬಿಡುಗಡೆಗೊಳಿಸಿ ಕಡತ ಕೊಠಡಿಗೆ ನಿಯೋಜಿಸತಕ್ಕದ್ದು. ಇಂದಿನಿಂದ ಈ ಶಾಲೆಗೆ ಸೀಮೆಸುಣ್ಣದ ಸರಬರಾಜನ್ನು ನಿಲ್ಲಿಸಲಾಗಿದೆ."

ಗಣಿತದ ಮೇಷ್ಟ್ರು ಬೆರಳು ಎತ್ತಿದರು. "ಮೇಡಂ, ಪೆಟ್ಟಿಗೆ ತೆಗೀದೆ ಬೋರ್ಡಲ್ಲಿ ಪಾಠ ಮಾಡೋದು ಹೇಗೆ?"

"ಅದಕ್ಕೇ ಅಲ್ವಾ ತರಬೇತಿ ಇರೋದು. ಅಲ್ಲಿ ಹೇಳ್ಕೊಡ್ತಾರೆ," ಎಂದರು ಹೆಡ್ ಮೇಡಂ. ಉತ್ತರ ಎಲ್ಲರಿಗೂ ಒಪ್ಪಿಗೆಯಾಯಿತು. "ನಮ್ಮಲ್ಲಿ ಇದು ಯಾರಿಗೆ ಗೊತ್ತಿದೆ?"

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸುತ್ತೋಲೆಯ ಒಂದಕ್ಷರವೂ ತಲೆಗೆ ಹೋಗದ ಭೂಗೋಳದ ಮೇಷ್ಟ್ರು ಮೊದಲಿನಿಂದಲೂ ನಿಧಾನವಾಗಿ ತಲೆಯಾಡಿಸುತ್ತಲೇ ಇದ್ದರು. ಹೆಡ್ ಮೇಡಂ ಅವರ ಹೆಸರನ್ನು ಬರೆದುಕೊಂಡರು.

ಕಡತ ಕೊಠಡಿ ಎಂದರೇನು ಎಂಬುದನ್ನು ಇಲ್ಲಿ ಹೇಳಬೇಕು. ಶಾಲೆಯ ಹಿಂಭಾಗದಲ್ಲಿ, ನೀರಿನ ತೊಟ್ಟಿಯ ಪಕ್ಕ, ಸರಳು ಹಾಕಿದ ಒಂದೇ ಕಿಟಕಿಯ ಕೋಣೆ ಅದು. ಎರಡು ವರ್ಷದ ಹಿಂದೆ ಕ್ರಾಫ್ಟ್ ಮೇಷ್ಟ್ರು ಯಾವುದೋ ನಮೂನೆಯನ್ನು ಕಪ್ಪು ಶಾಯಿಯ ಬದಲು ನೀಲಿ ಶಾಯಿಯಲ್ಲಿ ತುಂಬಿದ್ದಕ್ಕೆ ಅಲ್ಲಿಗೆ ಹೋದವರು ಇನ್ನೂ ಅಲ್ಲೇ ಇದ್ದರು. ಹಳೆಯ ಹಾಜರಿ ಪುಸ್ತಕಗಳನ್ನು ಕಟ್ಟು ಕಟ್ಟಿ ಇಡುವುದು, ಕಟ್ಟು ಸಡಿಲವಾದರೆ ಬಿಚ್ಚಿ ಮತ್ತೆ ಕಟ್ಟುವುದು ಅವರ ಕೆಲಸ. ಮಕ್ಕಳು ನೀರು ಕುಡಿಯಲು ಹೋದಾಗ ಕಿಟಕಿಗೆ ಕೈ ಬೀಸುತ್ತಿದ್ದರು, ಒಳಗಿನಿಂದ ಅವರೂ ಬೀಸುತ್ತಿದ್ದರು. ಆ ಕಿಟಕಿಯಲ್ಲಿ ತನ್ನ ಮುಖವನ್ನು ಕಲ್ಪಿಸಿಕೊಂಡರೆ ಭೂಗೋಳದ ಮೇಷ್ಟ್ರು ನೀರು ಕುಡಿಯದೆಯೇ ತೊಟ್ಟಿಯಿಂದ ಹಿಂದಿರುಗುತ್ತಿದ್ದರು. ಸಂಬಳ ಅಲ್ಲೂ ಬರುತ್ತದೆ, ಆದರೆ ಹಾಜರಿ ಪುಸ್ತಕಗಳು "ಹಾ" ಎನ್ನುವುದಿಲ್ಲವಲ್ಲ.

ಮನೆಯಲ್ಲಿ ಅವರ ಹೆಂಡತಿ ಮುಂದಿನ ಕೋಣೆಯಲ್ಲೇ ಟೈಲರ್ ಅಂಗಡಿ ಇಟ್ಟಿದ್ದರು. ಗಿರಾಕಿಗಳ ಅಳತೆ ಬರುವುದು ಫೋನಿನಲ್ಲಿ, ಹೊಸ ಹೊಸ ಮಾದರಿ ನೋಡುವುದು ಫೋನಿನಲ್ಲಿ, ಮುಗಿದ ಅಂಗಿಯ ಫೋಟೋ ಹೋಗುವುದೂ ಫೋನಿನಲ್ಲೇ. ಮೇಷ್ಟ್ರು ಮಾತ್ರ ಆ ಕಡೆ ಸುಳಿದಾಗ "ಇದೇನು ಮಹಾ" ಎಂಬ ಮುಖ ಮಾಡಿಕೊಂಡು ದಾಟಿಹೋಗುತ್ತಿದ್ದರು.

"ರೀ, ಬರಲ್ಲ ಅಂತ ಒಂದು ಮಾತು ಹೇಳಿ. ನಾನು ಹೇಳ್ಕೊಡ್ತೀನಿ," ಎಂದರು ಹೆಂಡತಿ, ಬಟ್ಟೆಯ ಮೇಲಿನ ಗುರುತಿನಿಂದ ಕಣ್ಣೆತ್ತದೆ.

"ಬರಲ್ಲ ಅಂತ ಯಾರು ಹೇಳಿದ್ದು? ಎಲ್ಲಾ ಗೊತ್ತು. ಸ್ವಲ್ಪ ಅಭ್ಯಾಸ ತಪ್ಪಿದೆ."

"ಯಾವತ್ತು ಇತ್ತು, ತಪ್ಪೋಕೆ?"

ಮೇಷ್ಟ್ರು ತಲೆಯಾಡಿಸಿ ಒಳಗೆ ಹೋದರು.

ತರಬೇತಿ ಮೂರು ದಿನ. ಬೇರೆ ಬೇರೆ ಶಾಲೆಗಳಿಂದ ಬಂದ ಐವತ್ತು ಮಂದಿ ಶಿಕ್ಷಕರು, ಒಂದು ಹಳೆಯ ಸಭಾಂಗಣ, ಮುಂದೊಂದು ಕಪ್ಪು ಹಲಗೆ. ತರಬೇತುದಾರ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಲಕ್ಷಣವಾದ ಯುವಕ. ಪಾಪ, ಅವನೂ ಸ್ಮಾರ್ಟ್ ಬೋರ್ಡ್ ಮುಟ್ಟಿದವನಲ್ಲ. ಅವನಿಗೆ ತರಬೇತಿ ಕೊಟ್ಟವರ ಪೆಟ್ಟಿಗೆಗೂ ಸೀಲ್ ಇತ್ತು. ಅವನ ಹತ್ತಿರ ಇದ್ದದ್ದು ಬೋರ್ಡಿನ ಚಿತ್ರವಿರುವ ಒಂದು ಕರಪತ್ರ. ಅದು ಹಿಂದಿನ ಸಾಲಿಗೆ ಕಾಣುತ್ತಿರಲಿಲ್ಲ.

"ಇಲ್ಲಿ ಚಿತ್ರ ಬರೆಯೋರು ಯಾರಾದ್ರೂ ಇದ್ದೀರಾ ಸಾರ್?"

ಭೂಗೋಳದ ಮೇಷ್ಟ್ರು ಎದ್ದರು. ಕರಪತ್ರ ನೋಡಿಕೊಂಡು ಹಲಗೆಯ ಮೇಲೆ ಚೌಕ ಎಳೆದರು, ಮೂಲೆಗೆ ಬ್ಯಾಟರಿ ಗುರುತು, ಕೆಳಗೆ ಚಾಲೂ ಮಾಡುವ ಗುಂಡಿ, ಮಧ್ಯೆ ಸಾಲಾಗಿ ಎಂಟು ಪುಟ್ಟ ಚಿತ್ರ. ಕೈ ಎತ್ತದೆ ಬರೆದರು. ಹಿಂದಿನ ಸಾಲಿನಿಂದ ಚಪ್ಪಾಳೆ ಬಂತು. ಆಮೇಲೆ ಐವತ್ತು ಮಂದಿ ಸಾಲು ನಿಂತು ಒಬ್ಬೊಬ್ಬರಾಗಿ ಬಂದು ಆ ಚಿತ್ರಗಳನ್ನು ಬೆರಳಿನಿಂದ ಒತ್ತಿ ಹೋದರು. ಮೇಷ್ಟ್ರ ಸರದಿ ಬಂದಾಗ ಉತ್ಸಾಹದಲ್ಲಿ ಸ್ವಲ್ಪ ಜೋರಾಗಿಯೇ ಒತ್ತಿದರು.

"ಸಾರ್, ಮೆತ್ತಗೆ! ಗಾಜು ಒಡೆದ್ರೆ ಯಾರು ಜವಾಬ್ದಾರಿ?" ಎಂದ ತರಬೇತುದಾರ.

"ತಪ್ಪಾಯ್ತು," ಎಂದು ಮೇಷ್ಟ್ರು ಗಾಬರಿಯಿಂದ ಅಲ್ಲಿ ಅಂಗೈ ಸವರಿದರು. ಚಿತ್ರ ಅರ್ಧ ಅಳಿಸಿಹೋಯಿತು.

"ಫೈಲು ಡಿಲೀಟ್ ಮಾಡಿಬಿಟ್ರಲ್ಲ ಸಾರ್."

ಮೇಷ್ಟ್ರು ನಿಜಕ್ಕೂ ಬೆವತರು. ತಾನೇ ಬರೆದ ಚಿತ್ರ, ತಾನೇ ಅಳಿಸಿದ್ದು, ಇನ್ನೊಮ್ಮೆ ಬರೆದರಾಯಿತು ಎಂಬುದು ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಒಂದು ದಿನದಲ್ಲಿ ಇಷ್ಟು ದಡ್ಡನಾಗಬಹುದು ಎಂದು ಅವರು ಎಣಿಸಿರಲಿಲ್ಲ. ಮೂರನೆಯ ದಿನ ಅವರಿಗೆ "ಅತ್ಯುತ್ತಮ ಕಲಿಕಾರ್ಥಿ" ಎಂಬ ಬ್ಯಾಡ್ಜ್ ಕೊಟ್ಟರು.

ಇನ್ನು ಉಳಿದದ್ದು ನಲವತ್ತು ಪಾಠ. ಮೇಷ್ಟ್ರು ಧೈರ್ಯ ತಂದುಕೊಂಡು ಹೆಡ್ ಮೇಡಂ ಕೋಣೆಗೆ ಹೋದರು. ದಾರಿಯುದ್ದಕ್ಕೂ "ಮೇಡಂ, ನನಗೆ ಬರಲ್ಲ" ಎಂದು ಬಾಯಿಪಾಠ ಮಾಡಿಕೊಂಡಿದ್ದರು.

"ಬನ್ನಿ ಮೇಷ್ಟ್ರೇ, ಬ್ಯಾಡ್ಜ್ ಬಂತಂತೆ! ನಾಳೆಯಿಂದ ಶುರು ಮಾಡ್ತೀರಿ ತಾನೇ?"

ಮೇಷ್ಟ್ರ ತಲೆ, ಮೇಷ್ಟ್ರನ್ನು ಕೇಳದೆ, ಮೇಲಕ್ಕೂ ಕೆಳಕ್ಕೂ ಆಡಿತು. ದವಡೆಯಲ್ಲಿ ಹಲ್ಲು ಒಮ್ಮೆ ಚುಳ್ ಎಂದಿತು.

ಮರುದಿನ ಅವರು ತಮಗೆ ಬರುವ ಒಂದೇ ರೀತಿಯಲ್ಲಿ ಸ್ಮಾರ್ಟ್ ಬೋರ್ಡ್ ಬಳಸಿದರು. ಶಾಲೆಯಲ್ಲಿ ಸೀಮೆಸುಣ್ಣವಿರಲಿಲ್ಲವಾದ್ದರಿಂದ, ಹೆಂಡತಿ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಚಾಕನ್ನು ಜೇಬಿಗಿಳಿಸಿಕೊಂಡು ಬಂದಿದ್ದರು. ನೀಲಿ ಒಂದು, ಗುಲಾಬಿ ಒಂದು. ಬೋರ್ಡಿಗೆ ಬಣ್ಣ ಬಂತು. ಚೌಕ, ಬ್ಯಾಟರಿ, ಗುಂಡಿ, ಪುಟ್ಟ ಚಿತ್ರಗಳು ಎಲ್ಲ ಮೂಡಿದ ಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಗುಂಡಿ ಒತ್ತಿದಳು. ಆಮೇಲೆ "ನದಿಗಳು" ಎಂಬ ಚಿತ್ರ ಒತ್ತಿದಳು. ಮೇಷ್ಟ್ರು ಎಲ್ಲವನ್ನೂ ಡಸ್ಟರಿನಿಂದ ಒರೆಸಿ, ಮುಂದಿನ ಪುಟ ತೆರೆಯಬೇಕಲ್ಲ, ಹೊಸ ಚೌಕ ಬರೆದರು, ಬ್ಯಾಟರಿ ಬರೆದರು, ಮುಚ್ಚುವ ಗುಣಾಕಾರ ಚಿಹ್ನೆ ಬರೆದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮಕ್ಕಳಿಗೆ ಬಲು ಖುಷಿ. ಯಾರು ಒತ್ತಬೇಕೆಂದು ಸರದಿಯ ಪಟ್ಟಿ ತಯಾರಾಯಿತು. ಒಂದು ವಾರ, ಎರಡು ವಾರ, ಮೂವತ್ತು ಪಾಠ ಹೀಗೆಯೇ ಕಳೆಯಿತು. ಒಂದು ದಿನ ಮುಂದಿನ ಬೆಂಚಿನ ಹುಡುಗಿ ಒತ್ತಿ ಮುಗಿಸಿ, ತನ್ನ ಜಾಗಕ್ಕೆ ಹೋಗದೆ ನಿಂತಳು.

"ಸಾರ್, ನದಿ ಯಾವಾಗ ಬರುತ್ತೆ?"

"ಬರುತ್ತಮ್ಮಾ. ಪುಟ ತೆರೀತಾ ಇದೆ," ಎಂದರು ಮೇಷ್ಟ್ರು. ಹೇಳಿದ ಮೇಲೆ ತಮ್ಮ ಮೇಲೇ ಹೇಸಿಗೆಯಾಯಿತು. ಕೈಯಲ್ಲಿ ಚಾಕ್ ಇತ್ತು, ಎದುರಿಗೆ ಹಲಗೆ ಇತ್ತು, ಒಂದೇ ನಿಮಿಷದಲ್ಲಿ ನದಿಯನ್ನು ಸಮುದ್ರಕ್ಕೆ ಮುಟ್ಟಿಸಬಹುದಾಗಿತ್ತು. ಆದರೆ ನದಿ ಬರೆದರೆ ಅದು ಬರೀ ಚಾಕ್‌ಪೀಸಿನ ಪಾಠವಾಗುತ್ತದೆ, ಅದಕ್ಕೆ ಅಂಕವಿಲ್ಲ. ಅಂಕವಿಲ್ಲದಿದ್ದರೆ ನೀರಿನ ತೊಟ್ಟಿಯ ಪಕ್ಕದ ಕಿಟಕಿ. ಅವರು ಇನ್ನೊಂದು ಬ್ಯಾಟರಿ ಬರೆದರು.

ನಲವತ್ತನೆಯ ಪಾಠಕ್ಕೆ ಪರಿವೀಕ್ಷಕರು ಬಂದರು. ದಪ್ಪ ಕನ್ನಡಕದ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ನಮೂನೆ ಹಿಡಿದ ಹಿರಿಯರು. ಇವತ್ತಿಗೆ ತನ್ನ ಕಥೆ ಮುಗಿಯಿತು ಎಂದು ಮೇಷ್ಟ್ರು ಖಚಿತ ಮಾಡಿಕೊಂಡಿದ್ದರು. ಒಂದು ರೀತಿಯಲ್ಲಿ ಅವರಿಗೆ ನಿರಾಳವೂ ಆಗಿತ್ತು.

ಪರಿವೀಕ್ಷಕರು ಹಲಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಚಾಚಿ ಗುಣಾಕಾರ ಚಿಹ್ನೆಯನ್ನು ಒತ್ತಿದರು. ಮೇಷ್ಟ್ರು ದುಡುಕಿ ಇಡೀ ಹಲಗೆಯನ್ನು ಒರೆಸಿಬಿಟ್ಟರು.

"ಎಷ್ಟು ಬೇಗ ಸ್ಪಂದಿಸುತ್ತೆ!" ಎಂದರು ಪರಿವೀಕ್ಷಕರು. "ಮತ್ತೆ ಚಾಲೂ ಮಾಡಿ."

ಮೇಷ್ಟ್ರು ಮತ್ತೆ ಬರೆದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತಿತು, ದೀಪ ಆರಿತು. ಪರಿವೀಕ್ಷಕರು ಹಲಗೆಯ ಕಡೆ ತಿರುಗಿದರು. ಬೋರ್ಡ್ ಹಾಗೇ ಇತ್ತು.

"ಹನ್ನೊಂದು ಶಾಲೆ ನೋಡಿ ಬಂದೆ ಮೇಷ್ಟ್ರೇ," ಎಂದರು ಅವರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ. "ಎಲ್ಲಾ ಕಡೆ ಪೆಟ್ಟಿಗೇಲಿದೆ. ನಡೀತಿರೋದು ಇದೊಂದೇ."

ಅವರಿಗೆ ತಿಳಿಯಲಿಲ್ಲವೇ ಎಂದು ಓದುಗರು ಕೇಳಬಹುದು. ಅವರ ಕೈಯಲ್ಲಿದ್ದ ನಮೂನೆ ಕೇಳಿದ್ದು ಮೂರು ಪ್ರಶ್ನೆ: ಬೋರ್ಡ್ ಎಲ್ಲ ಮಕ್ಕಳಿಗೂ ಕಾಣಿಸುತ್ತದೆಯೇ, ಒತ್ತಿದರೆ ಬದಲಾಗುತ್ತದೆಯೇ, ಮಕ್ಕಳು ಖುಷಿಯಾಗಿದ್ದಾರೆಯೇ. ಮೂರಕ್ಕೂ ಹೌದು ಎಂದೇ ಉತ್ತರ. ನೂರಕ್ಕೆ ತೊಂಬತ್ತೆಂಟು ಅಂಕ ಬಂತು. ಪರದೆಯಿಂದ ಸ್ವಲ್ಪ ಧೂಳು ಉದುರುತ್ತದೆ ಎಂದು ಎರಡು ಕಳೆದಿದ್ದರು.

ಪ್ರಮಾಣಪತ್ರ ಕೈಗೆ ಬಂದ ದಿನವೇ ಹೆಡ್ ಮೇಡಂ ಬೀರುವನ್ನು ಸರಿಸಿ ಪೆಟ್ಟಿಗೆ ಹೊರಗೆಳೆಸಿದರು. ಪರಿವೀಕ್ಷಕರೂ ಬಂದಿದ್ದರು. ಮೇಷ್ಟ್ರು ಸೀಲ್ ಒಡೆದರು, ವಯರು ಸಿಕ್ಕಿಸಿದರು, ಕಂಡ ಗುಂಡಿಯನ್ನೆಲ್ಲ ಮೆತ್ತಗೆ ಒತ್ತಿದರು. ಒಂದು ಗುಂಡಿಗೆ ಬೋರ್ಡ್ ಬೆಳಗಿತು. ಅದರಲ್ಲಿ ಒಂದು ಬೆಟ್ಟ ಕಂಡಿತು. ಬೆಟ್ಟದಿಂದ ಒಂದು ನದಿ ಹೊರಟಿತು. ನಿಜವಾದ ನೀರು, ಹಕ್ಕಿ ಮೇಲಿನಿಂದ ನೋಡಿದಂತೆ, ಕಾಡಿನ ನಡುವೆ ಹೊಳೆಯುತ್ತಾ ಹರಿಯಿತು. ಇಪ್ಪತ್ತಾರು ವರ್ಷ ನದಿ ಬರೆದರೂ ಮೇಷ್ಟ್ರು ಒಂದು ನದಿಯನ್ನೂ ಮೂಲದಿಂದ ಕೊನೆಯವರೆಗೆ ನೋಡಿದವರಲ್ಲ. ಅವರ ಕಣ್ಣು ತುಂಬಿ ಬಂತು. ಬಾಯಿಂದ ತಾನಾಗಿಯೇ "ಹಾ" ಎಂಬ ಶಬ್ದ ಹೊರಟಿತು.

"ಬ್ಯಾಟರಿ ಗುರುತು ಎಲ್ಲಿ?" ಎಂದರು ಪರಿವೀಕ್ಷಕರು.

ಹುಡುಕಿದರು. ಅದು ಇರಲಿಲ್ಲ.

"ಗುಂಡಿ ಕೆಳಗಡೆ ಇರಬೇಕಿತ್ತು, ಇಲ್ಲಿ ಹಿಂದೆ ಇದೆ. ಗುಲಾಬಿ ಬಣ್ಣ ಇಲ್ಲ. ಎಂಟು ಚಿತ್ರ ಇರಬೇಕಿತ್ತು, ಹನ್ನೆರಡಿವೆ." ಅವರು ಬರೆದುಕೊಳ್ಳುತ್ತಾ ಹೋದರು. ಏಳನೇ ತರಗತಿಯ ಬೋರ್ಡನ್ನು ಇಲಾಖೆ ಆಗಲೇ ಅನುಮೋದಿತ ಮಾದರಿ ಎಂದು ಘೋಷಿಸಿತ್ತು. ಇದು ಅದಕ್ಕೆ ಹೊಂದುತ್ತಿರಲಿಲ್ಲ. ಇದರ ಮಧ್ಯೆ ಮತ್ತೆ ಕರೆಂಟ್ ಹೋಗಿ ನದಿ ಅರ್ಧದಲ್ಲೇ ಕಪ್ಪಾಯಿತು.

"ನಿಂತೂ ಹೋಯ್ತು," ಎಂದು ಹೆಡ್ ಮೇಡಂ ಬೇಸರಪಟ್ಟರು. "ಮೇಷ್ಟ್ರೇ, ಇದು ಕೆಟ್ಟಿರೋದೇ ತಾನೇ?"

ಇಲ್ಲ ಮೇಡಂ, ಇದು ಚೆನ್ನಾಗಿದೆ, ಕೆಟ್ಟಿರುವವನು ನಾನು ಎನ್ನುವ ಮಾತು ಮೇಷ್ಟ್ರ ನಾಲಿಗೆಯ ತುದಿಯವರೆಗೆ ಬಂದಿತ್ತು. ತಲೆ ಅದಕ್ಕಿಂತ ಮೊದಲೇ ಆಡಿಬಿಟ್ಟಿತು. ತಜ್ಞರ ಅಭಿಪ್ರಾಯವೆಂದು ಅದನ್ನು ದಾಖಲಿಸಿಕೊಂಡು, ಬೋರ್ಡನ್ನು ತಿರಸ್ಕೃತ ವಸ್ತುವೆಂದು ಕಡತ ಕೊಠಡಿಗೆ ಸಾಗಿಸಲಾಯಿತು. ಮೇಷ್ಟ್ರು ಸಹಿ ಹಾಕಿದರು, ಕಪ್ಪು ಶಾಯಿಯಲ್ಲಿ.

ಆಮೇಲೆ ಬಂದ ಸುತ್ತೋಲೆಯ ಪ್ರಕಾರ ಎಲ್ಲ ಶಾಲೆಗಳೂ ಏಳನೇ ತರಗತಿಯ ಮಾದರಿಯನ್ನೇ ಅಳವಡಿಸಿಕೊಳ್ಳತಕ್ಕದ್ದು ಎಂದಾಯಿತು. ಟೈಲರ್ ಚಾಕನ್ನು ವಿದ್ಯುನ್ಮಾನ ಬಿಡಿಭಾಗಗಳ ಪಟ್ಟಿಗೆ ಸೇರಿಸಿದರು. ಅದರ ಸರಬರಾಜು ಮೇಷ್ಟ್ರ ಹೆಂಡತಿಗೇ ಸಿಕ್ಕಿತು. "ಅಂತೂ ಕದ್ದಿದ್ದಕ್ಕೆ ಲೆಕ್ಕ ಚುಕ್ತಾ ಆಯ್ತು," ಎಂದರು ಅವರು. ಮೇಷ್ಟ್ರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿ, ಅದೇ ಹಳೆಯ ಸಭಾಂಗಣದಲ್ಲಿ ಇನ್ನೂರು ಮಂದಿ ಶಿಕ್ಷಕರ ಮುಂದೆ ನಿಲ್ಲಿಸಿದರು.

ಇನ್ನೂರು ತಲೆಗಳನ್ನು ಕಂಡ ಮೇಷ್ಟ್ರಿಗೆ ಏನೋ ಆಯಿತು. ಅವರು ಏನೂ ಹೇಳುವ ಮೊದಲೇ ಆ ಇನ್ನೂರು ತಲೆಗಳೂ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದವು. ಆ ಆಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೈಕಿಗೆ ಬಾಯಿ ಹತ್ತಿರ ತಂದು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹೇಳಿದರು:

"ನನಗೆ ಇದು ಏನೂ ಬರಲ್ಲ."

ಆಮೇಲೆ ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಹಿಂದಿನ ಸಾಲಿನವರು ಎದ್ದು ನಿಂತರು. ಇಷ್ಟು ದೊಡ್ಡ ತಜ್ಞರಲ್ಲಿ ಇಂಥ ವಿನಯವೇ ಎಂದು ಪರಿವೀಕ್ಷಕರು ಭಾಷಣದಲ್ಲಿ ಗದ್ಗದಿತರಾದರು. ತರಬೇತಿ ಕೈಪಿಡಿಗೆ ತಿದ್ದುಪಡಿ ಬಂತು: "ಪ್ರತಿ ತರಬೇತಿಯ ಆರಂಭದಲ್ಲಿ ಶಿಕ್ಷಕರೆಲ್ಲರೂ ಎದ್ದು ನಿಂತು 'ನನಗೆ ಇದು ಏನೂ ಬರಲ್ಲ' ಎಂದು ಮೂರು ಸಲ ಒಟ್ಟಾಗಿ ಹೇಳತಕ್ಕದ್ದು." ಈಗ ಹಾಗೆಯೇ ಹೇಳುತ್ತಾರೆ, ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ.

ಇತ್ತ ಕಡತ ಕೊಠಡಿಯ ಬಲ್ಬ್ ಹೋಗಿ ಒಂದೂವರೆ ವರ್ಷವಾಗಿತ್ತು. ಬೆಳಕಿಗಾದರೂ ಆಗಲಿ ಎಂದು ಕ್ರಾಫ್ಟ್ ಮೇಷ್ಟ್ರು ತಿರಸ್ಕೃತ ಬೋರ್ಡಿನ ವಯರನ್ನು ಸಿಕ್ಕಿಸಿದ್ದರು. ಹಾಜರಿ ಪುಸ್ತಕ ಕಟ್ಟಿ ಮುಗಿದ ಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಒಂದೊಂದನ್ನೇ ಒತ್ತಿ ನೋಡಿದರು. ತಪ್ಪಾದರೆ ಇನ್ನೆಲ್ಲಿಗೆ ಕಳಿಸುತ್ತಾರೆ ಎಂಬ ಧೈರ್ಯ ಅವರಿಗಿತ್ತು. ಎರಡು ತಿಂಗಳಲ್ಲಿ ಎಲ್ಲ ಕಲಿತರು.

ಭೂಗೋಳದ ಮೇಷ್ಟ್ರಿಗೆ ಇದು ತಿಳಿದದ್ದು ಒಂದು ಬಿಡುವಿನ ವೇಳೆಯಲ್ಲಿ. ನೀರಿನ ತೊಟ್ಟಿಯ ಕಡೆಯಿಂದ "ಹಾ" ಎಂಬ ಸದ್ದು ಕೇಳಿತು. ನಲವತ್ತೊಂದು ಮಕ್ಕಳ ಉಸಿರು. ಎಲ್ಲಿದ್ದರೂ ಅವರು ಗುರುತು ಹಿಡಿಯುತ್ತಿದ್ದರು. ಹೋಗಿ ನೋಡಿದರೆ ಇಡೀ ಏಳನೇ ತರಗತಿ ಸರಳಿನ ಕಿಟಕಿಗೆ ಮುಗಿಬಿದ್ದಿತ್ತು. ಒಳಗೆ ನೀಲಿ ಬೆಳಕು, ಅದರಲ್ಲಿ ನದಿಯೊಂದು ಸಮುದ್ರ ಸೇರುತ್ತಿತ್ತು. ಮೇಷ್ಟ್ರಿಗೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಿನ ಹಿಂದೆಯೇ, ಯಾಕೋ, ಬಹಳ ಸಂತೋಷವೂ ಆಯಿತು.

"ಒಳಗೆ ಬನ್ನಿ, ಹೇಳ್ಕೊಡ್ತೀನಿ. ಏನೂ ಕಷ್ಟ ಇಲ್ಲ," ಎಂದರು ಕ್ರಾಫ್ಟ್ ಮೇಷ್ಟ್ರು ಸರಳಿನ ಆಚೆಯಿಂದ.

ಹೋಗುವ ಹಾಗಿರಲಿಲ್ಲ. ಪ್ರಮಾಣಪತ್ರ ಪಡೆದವರು ತಿರಸ್ಕೃತ ವಸ್ತುವಿರುವ ಕೋಣೆಗೆ ಕಾಲಿಡಬಾರದೆಂದು ನಿಯಮವಿತ್ತು. ಮೇಷ್ಟ್ರು ನೇರವಾಗಿ ಹೆಡ್ ಮೇಡಂ ಬಳಿ ಹೋಗಿ, ತಮ್ಮನ್ನು ದಯವಿಟ್ಟು ಕಡತ ಕೊಠಡಿಗೆ ನಿಯೋಜಿಸಬೇಕೆಂದು ಅರ್ಜಿ ಕೊಟ್ಟರು.

"ಹುಚ್ಚಾ ನಿಮಗೆ? ತೊಂಬತ್ತೆಂಟು ಬಂದೋರನ್ನ ಅಲ್ಲಿಗೆ ಕಳಿಸಿದ್ರೆ ನನ್ನನ್ನ ಏನಂತಾರೆ?" ಎಂದು ಅವರು ಅರ್ಜಿಯನ್ನು ಹಿಂದಿರುಗಿಸಿದರು. ಮರುದಿನದಿಂದ ಮೇಷ್ಟ್ರು ಬೇಕೆಂದೇ ಬ್ಯಾಟರಿಯನ್ನು ಸೊಟ್ಟಗೆ ಬರೆಯತೊಡಗಿದರು, ಅಂಕ ಇಳಿಯಲಿ ಎಂದು. ವಾರದೊಳಗೆ ಎಲ್ಲ ಶಾಲೆಗಳಲ್ಲೂ ಬ್ಯಾಟರಿ ಸೊಟ್ಟಗಾಯಿತು.

ಹೀಗಾಗಿ ಈಗ ಪ್ರತಿ ಬಿಡುವಿನಲ್ಲಿ ಮೇಷ್ಟ್ರು ಕಿಟಕಿಯ ಹೊರಗೆ ಮಕ್ಕಳ ಜೊತೆ ನಿಲ್ಲುತ್ತಾರೆ. ಮೊದಲ ದಿನ ಮುಂದೆ ನುಗ್ಗಲು ನೋಡಿದಾಗ ಮುಂದಿನ ಬೆಂಚಿನ ಹುಡುಗಿ "ಸಾರ್, ಸಾಲಲ್ಲಿ ಬನ್ನಿ" ಎಂದಿದ್ದಳು. ಅಂದಿನಿಂದ ಅವರ ಜಾಗ ಅವಳ ಹಿಂದೆ. ಒಳಗಿನಿಂದ ಕ್ರಾಫ್ಟ್ ಮೇಷ್ಟ್ರು ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂದು ತೋರಿಸುತ್ತಾರೆ. ನಿನ್ನೆ ನಕಾಶೆಯನ್ನು ಹಿಗ್ಗಿಸುವುದನ್ನು ತೋರಿಸಿದರು.

"ಸಾರ್, ನಿಮಗೆ ಅರ್ಥ ಆಯ್ತಾ ಅಂತ ಕೇಳ್ತಿದಾರೆ," ಎಂದಳು ಹುಡುಗಿ ಹಿಂದಿರುಗಿ ನೋಡಿ.

ಮೇಷ್ಟ್ರ ತಲೆ ಆಡಲು ಹೊರಟಿತ್ತು. ಅವರು ಎರಡೂ ಕೈಯಿಂದ ಗಲ್ಲವನ್ನು ಹಿಡಿದು ನಿಲ್ಲಿಸಿದರು.

"ಇಲ್ಲ ಅಂತ ಹೇಳು. ಇನ್ನೊಂದ್ಸಲ ತೋರಿಸ್ಬೇಕಂತೆ ಅನ್ನು."

ಕ್ರಾಫ್ಟ್ ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ. ಸುಮ್ಮನೆ ಇನ್ನೊಂದು ಸಲ ತೋರಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳೂ ಮೇಷ್ಟ್ರೂ ಕಿಟಕಿ ಬಿಟ್ಟು, ತಂತ್ರಜ್ಞಾನದ ಪಾಠಕ್ಕೆ ತಡವಾಯಿತೆಂದು ಲಗುಬಗೆಯಿಂದ ತರಗತಿಗೆ ನಡೆದರು. ಹುಡುಗಿ ಗುಂಡಿ ಒತ್ತಲು ಬೆರಳು ಒರೆಸಿಕೊಂಡು ಸಿದ್ಧವಾಗಿ ನಿಂತಳು. ಮೇಷ್ಟ್ರು ಜೇಬಿನಿಂದ ನೀಲಿ ಚಾಕ್ ತೆಗೆದು ಚೌಕ ಬರೆದರು.